ಹೊಸ ಇಂಜಿನ್ನಿಗೆ ಅಕ್ಕ ಕಟ್ಟಿದ ಹಾರ

ಹೊಸ ಇಂಜಿನ್ನು ಪಳಗಿಸುವುದರಲ್ಲಿ ಬಳ್ಳಾರಿಯಲ್ಲಿ ನನ್ನಷ್ಟು ತಾಳ್ಮೆಯವನು ಇನ್ನೊಬ್ಬ ಇರಲಿಲ್ಲ. ಉಳಿದ ಯಾವುದರಲ್ಲೂ ನನಗೆ ತಾಳ್ಮೆ ಇರಲಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಚಹಾ ತಡವಾದರೆ ಅಂಗಡಿಯವನ ಮೇಲೆ ಹರಿಹಾಯುತ್ತಿದ್ದೆ. ಬೇಕಾದ ಸ್ಪ್ಯಾನರ್ ಕೈಗೆ ಸಿಗದಿದ್ದರೆ ಸಿಕ್ಕಿದ್ದನ್ನು ಗೋಡೆಗೆ ಬೀಸುತ್ತಿದ್ದೆ. ಆದರೆ ಹೊಸ ಗಾಡಿಯ ಸ್ಟೇರಿಂಗ್ ಹಿಡಿದು ಕೂತೆನೆಂದರೆ ನಾನು ಬೇರೆಯೇ ಮನುಷ್ಯ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನಗಿನ್ನೂ ಮೂವತ್ತಾಗಿರಲಿಲ್ಲ. ನನ್ನದೇ ಒಂದು ತಗಡಿನ ಶೆಡ್ಡಿತ್ತು, ಕೈ ತುಂಬ ಕೆಲಸವಿತ್ತು, ಮೈ ತುಂಬ ಗ್ರೀಸಿತ್ತು.

ಈಗಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕು. ಆಗಿನ ಹೊಸ ಇಂಜಿನ್ನುಗಳು ಒಳಗೆ ಬಿಗಿಯಾಗಿರುತ್ತಿದ್ದವು. ಮೊದಲ ಐನೂರು ಮೈಲಿ ಅವಸರ ಮಾಡದೆ ಓಡಿಸಿ, ಒಳಗಿನ ಲೋಹ ಒಂದಕ್ಕೊಂದು ಒಗ್ಗಿಕೊಳ್ಳುವಂತೆ ಮಾಡಬೇಕಿತ್ತು. ಜೋರಾಗಿ ಹೊಡೆದರೆ ಕಾದು, ಪಿಸ್ಟನ್ ಉಬ್ಬಿ, ಇಂಜಿನ್ನು ಹಿಡಿದುಕೊಂಡು ನಿಂತುಬಿಡುತ್ತಿತ್ತು. ನಾವು ಅದಕ್ಕೆ ‘ಸೀಜಾಯಿತು’ ಅನ್ನುತ್ತಿದ್ದೆವು. ಶೆಡ್ಡು ಹಾಕಿದ ಹೊಸದರಲ್ಲಿ ನನ್ನ ಕೈಯಲ್ಲೇ ಒಂದು ಟ್ಯಾಕ್ಸಿ ಹಾಗಾಗಿತ್ತು. ಇಂಜಿನ್ ಬಿಚ್ಚಿ ಹೊಸದಾಗಿ ಕೂಡಿಸಿದ್ದೆವು, ನನಗೆ ಅವಸರವಿತ್ತು, ಒತ್ತಿದೆ. ನಡು ರಸ್ತೆಯಲ್ಲಿ ಕಿರ್ ಎಂದು ನಿಂತದ್ದು ಮತ್ತೆ ಅಲುಗಲಿಲ್ಲ. ಎತ್ತು ಕಟ್ಟಿ ಎಳೆಸಿಕೊಂಡು ಊರಿಗೆ ಬಂದೆ. ಆವತ್ತಿನಿಂದ ಹೊಸ ಇಂಜಿನ್ನೆಂದರೆ ನನಗೆ ಭಯ. ಜನ ಅದನ್ನೇ ತಾಳ್ಮೆ ಅಂದುಕೊಂಡರು, ನಾನೂ ಹಾಗೇ ಅಂದುಕೊಂಡೆ.

ಹೀಗಿರುವಾಗ ಪಾರ್ವತಿನಗರದ ಒಬ್ಬ ಹತ್ತಿ ವ್ಯಾಪಾರಿ ಮದರಾಸಿನಿಂದ ಒಂದು ಸ್ಪೋರ್ಟ್ಸ್ ಕಾರು ತರಿಸಿದರು. ಕೆಂಪು ಬಣ್ಣ, ಎರಡೇ ಬಾಗಿಲು, ಮೇಲೆ ಮಡಿಚಿ ಹಿಂದಕ್ಕೆ ಹಾಕುವ ಬಟ್ಟೆಯ ಟಾಪು. ಹಿಂದೆ ಸೀಟು ಅಂತ ಹೆಸರಿಗೆ ಒಂದಿತ್ತು, ಮಕ್ಕಳನ್ನು ಕೂರಿಸಬಹುದಿತ್ತು. ಊರಿನ ಅರ್ಧ ಜನ ಅದನ್ನು ನೋಡಲಿಕ್ಕೆಂದೇ ಆ ಓಣಿಗೆ ಬಂದುಹೋದರು. ಸಾಹುಕಾರರ ಡ್ರೈವರನ ಕಾಲು ಭಾರ, ಆಕ್ಸಿಲರೇಟರ್ ಮೇಲೆ ಇಟ್ಟರೆ ಎತ್ತುವವನಲ್ಲ. ಅದಕ್ಕೇ ನನ್ನನ್ನು ಕರೆಸಿದರು.

“ಮುಳ್ಳು ನಲವತ್ತು ದಾಟಬಾರದು ನೋಡಪಾ,” ಅಂದರು. “ಐನೂರು ಮೈಲಿ ಆಗೋತನಕ ಇದು ಬಾಣಂತಿ ಇದ್ದಂಗ. ನೀ ಎಲ್ಲಿಗೆ ಬೇಕಾದ್ರೂ ಒಯ್ಯಿ, ಆದ್ರ ಇದಕ್ಕ ಸುಸ್ತು ಮಾಡಬ್ಯಾಡ.”

ಗಾಡಿಯ ಹಿಂದೆ ‘ರನ್ನಿಂಗ್ ಇನ್’, ಎಂದರೆ ಇಂಜಿನ್ನು ಇನ್ನೂ ಪಳಗುತ್ತಿದೆ, ಎಂದು ಬರೆದ ಕಾಗದ ಅಂಟಿಸಿಕೊಂಡು ನಾನು ದಿನಾ ಬೆಳಗ್ಗೆ ಹೊರಡುತ್ತಿದ್ದೆ. ಒಂದು ದಿನ ಕುರುಗೋಡು, ಒಂದು ದಿನ ಸಿರುಗುಪ್ಪ. ನೋಡಿದರೆ ಹಾರಿಹೋಗುವಂಥ ಗಾಡಿ, ನಾನು ಹೊಡೆಯುವುದು ಮದುವೆ ಮೆರವಣಿಗೆಯ ಹಾಗೆ. ಲಾರಿಯವರು ಹಾರ್ನ್ ಒತ್ತಿ ಹಲ್ಲು ಕಿರಿದು ಮುಂದೆ ಹೋಗುತ್ತಿದ್ದರು. ಬೇರೆ ಹೊತ್ತಿನಲ್ಲಾದರೆ ಅಂಥವರನ್ನು ಅಡ್ಡಗಟ್ಟಿ ಜಗಳ ತೆಗೆಯುತ್ತಿದ್ದವನು ಆಗ ನಗುತ್ತಿದ್ದೆ. ಹೋಗ್ರಪಾ ಹೋಗ್ರಿ, ನಿಮ್ಮ ಇಂಜಿನ್ನಿನ ಹೊಗೆ ನೋಡಿದರೇ ಗೊತ್ತಾಗುತ್ತದೆ ನಿಮ್ಮನ್ನು ಹೇಗೆ ಬೆಳೆಸಿದ್ದಾರೆಂದು, ಅಂದುಕೊಳ್ಳುತ್ತಿದ್ದೆ.

ಮೀಟರು ಮುನ್ನೂರು ಮೈಲಿ ತೋರಿಸಿದ ದಿನ ನನಗೆ ಗಾಡಿಯನ್ನು ಅಕ್ಕನಿಗೆ ತೋರಿಸಬೇಕು ಅನ್ನಿಸಿತು. ಅಕ್ಕನನ್ನು ಸಿರುಗುಪ್ಪದಾಚೆಯ ರಾರಾವಿಗೆ ಕೊಟ್ಟಿದ್ದರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವ್ವ ತೀರಿಕೊಂಡಾಗ ನಾನು ಇನ್ನೂ ಚಡ್ಡಿ ಹಾಕಲು ಕಲಿತಿರಲಿಲ್ಲ, ನನ್ನನ್ನು ಎತ್ತಿ ಬೆಳೆಸಿದವಳು ಅವಳೇ. ಹೂ ಕಟ್ಟುವುದರಲ್ಲಿ ಅವಳ ಕೈ ದೊಡ್ಡ ಹೆಸರು. ಕಣ್ಣು ಒಲೆಯ ಮೇಲೆ, ಮಾತು ಪಕ್ಕದ ಮನೆಯವಳ ಜೊತೆ, ಬೆರಳುಗಳು ಮಾತ್ರ ತಮ್ಮ ಪಾಡಿಗೆ ತಾವು ಗಂಟು ಹಾಕುತ್ತ ಹೋಗುತ್ತಿದ್ದವು. ಸುತ್ತಲ ಊರುಗಳಲ್ಲಿ ಮದುವೆಯಾದರೆ ಹಾರ ಅವಳ ಕೈಯದೇ ಆಗಬೇಕಿತ್ತು. ಮನೆಯ ಹಿಂದೆ ಚೆಂಡುಹೂವಿನ ಎರಡು ಮಡಿ ಹಾಕಿದ್ದಳು.

ನಾನು ಅವರ ಮನೆ ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಅಕ್ಕ ಹೊರಗೆ ಬಂದವಳು ಕಾರನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

“ಲೇ ತಮ್ಮ, ಇದಕ್ಕ ಪೂಜಿ ಮಾಡ್ಯಾರೇನು?”

“ಮಾಡ್ಯಾರಕ್ಕ, ಬಳ್ಳಾರ್ಯಾಗ.”

“ಅದು ಅವರದಾತು. ನಮ್ಮ ಬಾಗಲಿಗೆ ಹೊಸಾ ಗಾಡಿ ಬಂದೈತಿ, ಬರೇ ಮಕದಾಗ ಕಳಸ್ತಾರೇನು?”

“ಗಾಡಿ ನಂದಲ್ಲಕ್ಕ.”

“ನೀ ಹೊಡಿತಿಯಲ್ಲ. ನನಗಷ್ಟು ಸಾಕು.”

ಅವಳ ಜೊತೆ ವಾದ ಹಾಕಿ ಗೆದ್ದವರಿಲ್ಲ. ಕಟ್ಟೆಯ ಮೇಲೆ ಕೂತು ಅರ್ಧ ಗಂಟೆಯಲ್ಲಿ ಮೂರೆಳೆಯ ಹಾರ ಕಟ್ಟಿದಳು. ಒಂದೆಳೆ ಹಳದಿ, ಒಂದೆಳೆ ಕೆಂಪು, ಕೆಳಗಿನದಕ್ಕೆ ಒಂದರ ಪಕ್ಕ ಒಂದು ಮಾವಿನ ಎಲೆ. ಎತ್ತಿನ ಹೆಗಲಿಗೆ ಹಾಕುವಷ್ಟು ದಪ್ಪ. ಬಾಡಬಾರದೆಂದು ನೀರು ಚಿಮುಕಿಸಿ, ಅದನ್ನು ಕಾರಿನ ಒಂದು ದೀಪದಿಂದ ಇನ್ನೊಂದು ದೀಪಕ್ಕೆ ಎಳೆದು ತಾನೇ ಬಿಗಿದಳು. ಗಾಡಿಯ ಮುಂದಿನ ಜಾಲರಿಯೆಲ್ಲ ಹೂವೇ ಹೂವಾಯಿತು. ನಾನು ದೂರ ನಿಂತು ನೋಡಿ ಚಂದ ಕಾಣುತ್ತದೆ ಅಂದೆ. ಬಳ್ಳಾರಿಯ ಹೆಸರಾಂತ ಮೆಕ್ಯಾನಿಕ್ಕು ಅಂದದ್ದು ಅದೊಂದೇ ಮಾತು.

“ಒಣಗಿ ತಾನ ಉದುರಬೇಕು,” ಅಂದಳು ಅಕ್ಕ. “ನಡುವ ಕಿತ್ತಿ ಅಂದ್ರ ನೋಡು ಮತ್ತ. ಗಾಡಿಗೂ ಒಳ್ಳೇದಲ್ಲ, ಕಟ್ಟಿದಾಕಿಗೂ ಒಳ್ಳೇದಲ್ಲ.”

ಇದು ನಮ್ಮ ಕಡೆ ಎಲ್ಲರೂ ಪಾಲಿಸುವ ಮಾತೇ. ನಾನು ಹೂಂ ಅಂದೆ. ದೃಷ್ಟಿ ತೆಗೆಯಲು ಒಂದು ಬೂದುಗುಂಬಳ ಬೇಕು, ಹಿತ್ತಲ ಬೇಲಿಯ ಮೇಲೆ ಹಬ್ಬಿದೆ, ಈಗ ತರುತ್ತೇನೆ ಎಂದು ಅವಳು ಒಳಗೆ ಹೋದಳು. ನಾನು ಭಾವನಿಗೆ, ಎಂದರೆ ಅಕ್ಕನ ಗಂಡನಿಗೆ, ಗೇರುಗಳ ಬಗ್ಗೆ ದೊಡ್ಡ ಭಾಷಣ ಬಿಗಿಯುತ್ತಿದ್ದೆ. ಅಷ್ಟರಲ್ಲಿ ಹಿತ್ತಲಿನಿಂದ ಅಕ್ಕನ ಕೂಗು ಕೇಳಿಸಿತು.

ಕುಂಬಳದ ಎಲೆಯ ಕೆಳಗೆ ಕೊಳಕುಮಂಡಲ ಸುತ್ತಿಕೊಂಡಿತ್ತು. ಕಾಯಿ ಹುಡುಕುತ್ತ ಕೈ ಹಾಕಿದವಳ ಬಲಗೈಯ ಬೆರಳುಗಳಿಗೆ ಕಚ್ಚಿತ್ತು. ಭಾವ ಹಾವನ್ನು ಹೊಡೆದು ಹಾಕಿದ. ಅಕ್ಕ ಕೈ ಹಿಡಿದುಕೊಂಡು ನೆಲಕ್ಕೆ ಕೂತಿದ್ದಳು. ಆ ಎರಡು ಬೆರಳು, ತೋರುಬೆರಳು ಮತ್ತು ನಡುಬೆರಳು, ನಾವು ನೋಡುತ್ತಿದ್ದಂತೆಯೇ ಊದತೊಡಗಿದವು.

ನೆರೆಹೊರೆಯವರು ಸೇರಿದರು. ಪಕ್ಕದ ಹಳ್ಳಿಯಲ್ಲಿ ಬೇರು ಅರೆದು ಕೊಡುವವರಿದ್ದಾರೆ, ಅಲ್ಲಿಗೆ ಒಯ್ಯಿರಿ ಎಂದರು. ಭಾವ ಏನೂ ತೋಚದೆ ನನ್ನ ಮುಖ ನೋಡಿದ. ನಾನು ಕಾರಿನ ಬಾಗಿಲು ತೆಗೆದು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ: “ಯಾರ ಬೇರೂ ಬ್ಯಾಡ. ಒಂದು ತಾಸಿನ್ಯಾಗ ಬಳ್ಳಾರಿ ದೊಡ್ಡಾಸ್ಪತ್ರಿ ಮುಟ್ಟಸ್ತೀನಿ. ಹತ್ರಿ!”

ಒಂದು ತಾಸು. ಲೆಕ್ಕ ಸರಿಯಾಗಿಯೇ ಇತ್ತು. ರಾರಾವಿಯಿಂದ ಬಳ್ಳಾರಿಗೆ ಹೆಚ್ಚು ಕಡಿಮೆ ನಲವತ್ತು ಮೈಲಿ, ಮುಳ್ಳು ನಲವತ್ತರಲ್ಲಿ ನಿಂತರೆ ಒಂದು ಗಂಟೆ. ಸಾಹುಕಾರರ ಮಾತೂ ಮೀರಿದಂತಾಗುವುದಿಲ್ಲ, ಅಕ್ಕನೂ ಉಳಿಯುತ್ತಾಳೆ. ಅಕ್ಕನನ್ನು ನನ್ನ ಪಕ್ಕ ಕೂರಿಸಿದೆ. ಭಾವ ಹಿಂದಿನ ಗೂಡಿನಲ್ಲಿ ಮಡಿಚಿಕೊಂಡು ಕೂತು, ಅವಳ ಭುಜ ಹಿಡಿದುಕೊಂಡ.

ಸಿರುಗುಪ್ಪದಲ್ಲಿ ಪರಿಚಯದ ಡಾಕ್ಟರೊಬ್ಬರು ಮನೆಯ ಬಾಗಿಲಲ್ಲೇ ನೋಡಿದರು. ವಿಷ ಏರದಿರಲೆಂದು ಭಾವ ಅವಳ ತೋಳಿಗೆ ಬಿಗಿದಿದ್ದ ಹಗ್ಗ ಸಡಿಲಿಸಿದರು. “ಇದರ ಔಷಧ ಬಳ್ಳಾರ್ಯಾಗ ಸಿಗತೈತಿ. ಹೊತ್ತು ಕಳಿಬ್ಯಾಡ್ರಿ, ಹೋಗ್ರಿ” ಅಂದರು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು.

ಊರು ದಾಟಿ ಎರಡು ಮೂರು ಮೈಲಿ ಹೋಗಿರಬೇಕು. ಇಂಜಿನ್ನಿನ ಶಾಖ ತೋರಿಸುವ ಮುಳ್ಳು ನಡುವಿನಿಂದ ಸ್ವಲ್ಪ ಮೇಲೆ ಏರಿದ್ದು ಕಂಡಿತು. ಮೂರು ಜನರ ಭಾರ, ಬಿಸಿಲು ಬೇರೆ ಏರುತ್ತಿದೆ, ಇರಲಿ ಅಂದುಕೊಂಡೆ. ಇನ್ನೊಂದು ಮೈಲಿಗೆ ಅದು ಇನ್ನೂ ಒಂದು ಗೆರೆ ಏರಿತು. ಹೊಸ ಇಂಜಿನ್ನು ಬಿಗಿಯಿದೆ, ಸಂಕಟಪಡುತ್ತಿದೆ ಅನ್ನಿಸಿ ನನ್ನ ಕಾಲು ತಾನಾಗಿಯೇ ಮೇಲೆದ್ದಿತು. ನಲವತ್ತರಲ್ಲಿದ್ದ ಗಾಡಿ ಮೂವತ್ತಕ್ಕೆ ಬಂತು.

“ಯಾಕ ನಿಧಾನ ಮಾಡ್ದಿ?” ಅಂದ ಭಾವ ಹಿಂದಿನಿಂದ.

“ಕಾಯಾಕ ಹತ್ತೈತಿ ಭಾವ. ಸ್ವಲ್ಪ ತಣ್ಣಗಾಗ್ಲಿ.”

ಆಗಲಿಲ್ಲ. ತೆಕ್ಕಲಕೋಟೆಯ ಗುಡ್ಡಗಳು ಕಾಣುವ ಹೊತ್ತಿಗೆ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ನಾನು ಇಪ್ಪತ್ತೈದಕ್ಕೆ ಇಳಿಸಿದೆ. ಕಾರಿನೊಳಗೆ ಒಂದು ವಾಸನೆ ತುಂಬಿಕೊಂಡಿತ್ತು, ಬೇಯಿಸಿದ ಹೂವಿನ ವಾಸನೆ. ಅಕ್ಕನ ತುರುಬಿನಲ್ಲಿ ಬೆಳಗ್ಗೆ ಮುಡಿದ ಹೂವಿತ್ತು. ಬೆವರಿಗೆ ಅದು ಬಾಡಿ ನಾರುತ್ತಿದೆ ಅಂದುಕೊಂಡೆ.

ಹಿಂದಿನಿಂದ ಸಿರುಗುಪ್ಪದ ಬಸ್ಸು ಹಾರ್ನ್ ಹೊಡೆಯುತ್ತ ಬಂತು. ಕಿಟಕಿಯ ತುಂಬ ತಲೆಗಳು, ಹೂವಿನ ಹಾರ ಹಾಕಿಕೊಂಡು ತೆವಳುತ್ತಿರುವ ಕೆಂಪು ಕಾರನ್ನು ನೋಡಿ ನಗುತ್ತಿದ್ದರು. ಒಬ್ಬ ಕೈ ಬೀಸಿ ಏನೋ ತೆಲುಗಿನಲ್ಲಿ ಕಿಚಾಯಿಸಿದ. ನಮ್ಮ ಒಳಗಿನ ಸ್ಥಿತಿ ಅವರಿಗೇನು ಗೊತ್ತು. ಬಸ್ಸು ಎಬ್ಬಿಸಿದ ಧೂಳು ಇಳಿಯುವ ಹೊತ್ತಿಗೆ ಅದು ಮುಂದಿನ ತಿರುವಿನಲ್ಲಿತ್ತು.

“ಆ ಬಸ್ಸಿಗೆ ಹತ್ತಿದ್ರೂ ಇಷ್ಟೊತ್ತಿಗೆ ಮುಂದ ಇರತಿದ್ವಿ!” ಭಾವ ಕಿರುಚಿದ. “ಒತ್ತಲೇ, ಒತ್ತು!”

“ಒತ್ತಿದ್ರ ಸೀಜಾಗ್ತೈತಿ ಭಾವ. ನಡು ದಾರ್ಯಾಗ ನಿಂತ್ರ ಏನು ಮಾಡೋದು? ಹೊತ್ಕೊಂಡು ಹೋಗಾಕ ಆಕ್ಕತೇನು?”

ನಾನು ಹೇಳಿದ್ದು ಸುಳ್ಳಲ್ಲ. ನನ್ನ ಕಣ್ಣ ಮುಂದೆ ಆ ಹಳೆಯ ಟ್ಯಾಕ್ಸಿ ನಿಂತಿತ್ತು. ಅಕ್ಕನ ಕೈ ಮೊಣಕೈವರೆಗೆ ಊದಿತ್ತು, ಬಳೆ ಮಾಂಸದಲ್ಲಿ ಹೂತುಹೋಗಿದ್ದವು. ಭಾವ ಹಿಂದಿನಿಂದ ಬಾಗಿ ಒಂದೊಂದೇ ಬಳೆ ಒಡೆದು ತೆಗೆದ. ಅವಳು ಕೂಗಲಿಲ್ಲ. “ಯಪ್ಪಾ, ಉರಿ,” ಅಂದಳು ಅಷ್ಟೇ. ಮತ್ತೆ ಸ್ವಲ್ಪ ಹೊತ್ತಿಗೆ ಅವಳ ವಸಡಿನಲ್ಲಿ ರಕ್ತ ಜಿನುಗುವುದು ಕಂಡಿತು.

ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿನಿಂದ ಹಬೆ ಏಳುತ್ತಿತ್ತು. ಕಾಲುವೆಯ ಸೇತುವೆಯ ಹತ್ತಿರ ನಿಲ್ಲಿಸಿ ಇಳಿದೆ. ಬಾನೆಟ್ ಎತ್ತಿ ನೋಡಿದರೆ ಫ್ಯಾನಿನ ಬೆಲ್ಟ್ ಸರಿ ಇದೆ, ಎಣ್ಣೆ ಸರಿ ಇದೆ, ಎಲ್ಲೂ ನೀರು ಸೋರುತ್ತಿಲ್ಲ. ಇನ್ನೇನಿರಲು ಸಾಧ್ಯ, ಹೊಸ ಇಂಜಿನ್ನಿನ ಬಿಗಿಯೇ ಅಂತ ತೀರ್ಮಾನಿಸಿದೆ. ರೇಡಿಯೇಟರಿನ ಮುಚ್ಚಳ ಬಿಸಿಗೆ ಮುಟ್ಟುವಂತಿರಲಿಲ್ಲ. ಆರಲು ಬಿಟ್ಟು, ಡಬ್ಬದಲ್ಲಿ ಕಾಲುವೆಯ ನೀರು ತಂದು ಸ್ವಲ್ಪ ಸ್ವಲ್ಪವೇ ಹಾಕಿದೆ. ಹಾಗೆ ಓಡಾಡುವಾಗ ಅಕ್ಕ ಕಟ್ಟಿದ ಹಾರಕ್ಕೆ ಕಾಲು ತಾಗದಂತೆ, ಎಣ್ಣೆಯ ಕೈ ತಾಗದಂತೆ ನೋಡಿಕೊಂಡೆ. ಒಂದು ಕಡೆ ಜೋತುಬಿದ್ದಿದ್ದ ಎಳೆಯನ್ನು ಎತ್ತಿ ಸರಿಯಾಗಿ ಸಿಕ್ಕಿಸಿಯೂ ಇಟ್ಟೆ. ಅವಳು ಬದುಕಬೇಕಾದರೆ ಆ ಹಾರ ನಡುವೆ ಕಿತ್ತುಬರಬಾರದು ಎಂಬ ಭಾವನೆ ಆಗಲೇ ನನ್ನೊಳಗೆ ಕೂತುಬಿಟ್ಟಿತ್ತು. ಇಂಜಿನ್ನು ಬಿಚ್ಚಿ ಜೋಡಿಸುವವನಿಗೆ ಇಂಥ ಯೋಚನೆ ಬರುತ್ತದೆಯೇ ಎಂದು ಕೇಳಬೇಡಿ. ಬಂತು.

ಆ ನಿಲುಗಡೆಗೆ ಕಾಲು ಗಂಟೆ ಹೋಯಿತು. ಮತ್ತೆ ಹೊರಟು ಮೂರು ಮೈಲಿಗೆ ಮುಳ್ಳು ಮತ್ತೆ ಏರಿತು. ನಾನು ಇಪ್ಪತ್ತಕ್ಕೆ ಇಳಿಸಿದೆ. ನಿಧಾನ ಮಾಡಿದಷ್ಟೂ ಬಿಸಿ ಏರುತ್ತಿತ್ತು, ಬಿಸಿ ಏರಿದಷ್ಟೂ ನಾನು ನಿಧಾನ ಮಾಡುತ್ತಿದ್ದೆ. ಕುರುಗೋಡಿನ ಗುಡ್ಡಗಳು ಬಲಗಡೆ ಬಂದವು. ಎಷ್ಟು ಹೊತ್ತಾದರೂ ಅವು ಹಿಂದೆ ಸರಿಯಲೇ ಇಲ್ಲ. ನಾನು ಕೊಟ್ಟ ಒಂದು ತಾಸು ಮುಗಿದು ಬಹಳ ಹೊತ್ತಾಗಿತ್ತು.

ಭಾವ ಆಗ ಒಂದು ಮಾತು ಅಂದ. ಕೂಗಿ ಅನ್ನಲಿಲ್ಲ, ನನ್ನ ಕಿವಿಯ ಹತ್ತಿರ ಬಾಯಿ ತಂದು ಅಂದ: “ನಿನ್ನ ಸಾಹುಕಾರನ ಇಂಜಿನ್ನು ದೊಡ್ಡದೋ, ನಿಮ್ಮಕ್ಕ ದೊಡ್ಡಾಕಿನೋ? ಅದೊಂದು ಹೇಳಿಬಿಡು ನನಗ.”

ನನಗೆ ಮೈಯೆಲ್ಲ ಉರಿಯಿತು. ಗಾಡಿ ನಿಲ್ಲಿಸಿ ಅವನ ಕುತ್ತಿಗೆ ಹಿಡಿಯಬೇಕು ಅನ್ನಿಸಿತು. ಆದರೆ ಬಾಯಿಂದ ಉತ್ತರ ಬರಲಿಲ್ಲ. ಯಾಕೆಂದರೆ, ಈಗ ಹೇಳಬಹುದು, ಆ ಸಾಹುಕಾರರ ಮುಖ ಒಂದು ಸಲ ನನ್ನ ಕಣ್ಣ ಮುಂದೆ ಬಂದುಹೋಗಿತ್ತು. ಒಂದೇ ಸಲ. ಆದರೂ ಬಂದಿತ್ತು.

ಬಾದನಹಟ್ಟಿಯ ಹತ್ತಿರ ಗಾಡಿ ತಾನಾಗಿಯೇ ಮುಗ್ಗರಿಸತೊಡಗಿತು. ಮತ್ತೆ ನಿಲ್ಲಿಸಿದೆ. ಭಾವ ನನ್ನ ಜೊತೆ ಮಾತಾಡದೆ ಡಬ್ಬ ಕಸಿದುಕೊಂಡು ಹೊಲದ ನಡುವಿನ ಬಾವಿಯ ಕಡೆ ಓಡಿದ. ನಾನು ಇಂಜಿನ್ನನ್ನು ಚಾಲೂ ಇಟ್ಟೇ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಏನು ಮಾಡಬೇಕೆಂದು ತಿಳಿಯದೆ ಕೂತದ್ದು, ಯಾವ ಉಪಾಯವೂ ಇರಲಿಲ್ಲ. ಆ ಬೆಂದ ಹೂವಿನ ವಾಸನೆ ಮುಖಕ್ಕೆ ಬಡಿಯಿತು. ಅಕ್ಕನ ತುರುಬು ಒಳಗಿದೆ, ವಾಸನೆ ಇಲ್ಲಿ ಬರುತ್ತಿದೆ.

ಕೈ ಚಾಚಿ ಹಾರವನ್ನು ಮುಟ್ಟಿದೆ. ಅದು ಬಿಸಿ ಅನ್ನದ ಹಾಗೆ ಸುಡುತ್ತಿತ್ತು. ಮಾವಿನ ಎಲೆಗಳು ಒದ್ದೆಯಾಗಿ ಜಾಲರಿಗೆ ಅಂಟಿಕೊಂಡು ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಕೂತಿದ್ದವು. ಒಳಗಿನ ಫ್ಯಾನು ಗಾಳಿ ಎಳೆಯುತ್ತಿತ್ತು, ಬರುತ್ತಿದ್ದುದು ಎಲೆ. ಒಂದು ಹುಲ್ಲುಕಡ್ಡಿ ತೂರುವಷ್ಟು ಸಂದಿರಲಿಲ್ಲ. ಇಂಜಿನ್ನಿನದು ಏನೂ ತಪ್ಪಿರಲಿಲ್ಲ. ಉಸಿರು ಕಟ್ಟಿತ್ತು, ಅಷ್ಟೇ. ನಿಧಾನ ಮಾಡಿ ಮಾಡಿ ನಾನು ಅದಕ್ಕೆ ಸಿಗುತ್ತಿದ್ದ ಸ್ವಲ್ಪ ಗಾಳಿಯನ್ನೂ ತಪ್ಪಿಸಿದ್ದೆ.

ತಲೆ ಎತ್ತಿದೆ. ಗಾಜಿನ ಹಿಂದೆ ಅಕ್ಕ ಸೀಟಿಗೆ ಒರಗಿದ್ದಳು, ಕಣ್ಣು ಅರ್ಧ ಮುಚ್ಚಿತ್ತು. ಅವಳ ಕೈಯ ಹಾರ. ನಡುವೆ ಕಿತ್ತರೆ ಕಟ್ಟಿದವಳಿಗೆ ಒಳ್ಳೆಯದಲ್ಲ ಎಂದು ಅವಳೇ ಹೇಳಿದ್ದಳು. ನನ್ನ ಕೈ ಅಲ್ಲೇ ನಿಂತಿತು. ಎಷ್ಟು ಹೊತ್ತು ನಿಂತಿತೋ, ಗೊತ್ತಿಲ್ಲ. ಎರಡು ಉಸಿರು ಇರಬಹುದು. ನನ್ನ ಜೀವನದಲ್ಲಿ ನಾನು ಹಾಳು ಮಾಡಿದ ಹೊತ್ತಿನಲ್ಲೆಲ್ಲ ಆ ಎರಡು ಉಸಿರನ್ನೇ ನಾನು ಹೆಚ್ಚು ನೆನೆದಿದ್ದೇನೆ.

ಎಳೆದೆ. ದಾರ ಬೆರಳು ಕೊಯ್ಯಿತು, ಬರಲಿಲ್ಲ. ಅಷ್ಟು ಗಟ್ಟಿ ಗಂಟು ಅವಳದು. ಜೇಬಿನ ಪಕ್ಕಡದಿಂದ ಎರಡೂ ಕಡೆ ಕತ್ತರಿಸಿ, ಉಗುರಿನಿಂದ ಎಲೆ ಕೆರೆದು ತೆಗೆದು, ಇಡೀ ಹಾರವನ್ನು ಮುದ್ದೆ ಮಾಡಿ ಜಾಲಿಯ ಪೊದೆಯೊಳಗೆ ತುರುಕಿದೆ. ಭಾವ ನೀರು ತಂದಾಗ ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ. ಅವನ ಕಣ್ಣಿಗೆ ಹೆಂಡತಿಯ ಹೊರತು ಬೇರೇನೂ ಬೀಳುವಂತಿರಲಿಲ್ಲ.

ಗಾಡಿ ಹೊರಟು ಗಾಳಿ ಬಡಿಯುತ್ತಲೇ ಮುಳ್ಳು ಇಳಿಯತೊಡಗಿತು. ಒಂದು ಮೈಲಿಯಲ್ಲಿ ನಡುವಿಗೆ ಬಂದು ನಿಂತಿತು. ನಾನು ನಲವತ್ತು ಮುಟ್ಟಿಸಿದೆ. ಐವತ್ತು. ಅರವತ್ತು. ಸಾಹುಕಾರರೂ ಇಲ್ಲ, ಐನೂರು ಮೈಲಿಯೂ ಇಲ್ಲ. ಟಾಪಿನ ಬಟ್ಟೆ ಪಟಪಟ ಬಡಿಯುತ್ತಿತ್ತು, ಎದುರಿನ ಎತ್ತಿನ ಗಾಡಿಗಳು ರಸ್ತೆ ಬಿಟ್ಟು ಕೆಳಗಿಳಿದವು. ಮುಂಚೆ ನಮ್ಮನ್ನು ದಾಟಿಹೋಗಿದ್ದ ಬಸ್ಸು ಬಳ್ಳಾರಿಯ ನಿಲ್ದಾಣದಿಂದ ಖಾಲಿಯಾಗಿ ಹೊರಗೆ ಬರುತ್ತಿತ್ತು. ಭಾವ ಅದನ್ನು ನೋಡಿದ, ನಂತರ ನನ್ನನ್ನು ನೋಡಿದ.

ಆಸ್ಪತ್ರೆ ಮುಟ್ಟಿದಾಗ ರಾರಾವಿ ಬಿಟ್ಟು ಎರಡು ಗಂಟೆಯ ಮೇಲಾಗಿತ್ತು.

ಅಕ್ಕ ಉಳಿದಳು. ಒಂಬತ್ತು ದಿನ ಯಾವ ಕಡೆಗೂ ಹೇಳುವಂತಿರಲಿಲ್ಲ, ಹತ್ತನೆಯ ದಿನ ಗಂಜಿ ಕೇಳಿದಳು. ಆದರೆ ಆ ಎರಡು ಬೆರಳು ಕಪ್ಪಾಗಿದ್ದವು, ತೆಗೆಯಬೇಕಾಯಿತು. ಡಾಕ್ಟರು ಬೇಸರದಿಂದಲೇ ಹೇಳಿದರು, “ಒಂದು ತಾಸು ಮೊದಲ ಬಂದಿದ್ರ ಬೆರಳು ಉಳಿಸಬಹುದಿತ್ತೋ ಏನೋ. ಜೀವ ಉಳಿದಿದ್ದೇ ದೊಡ್ಡದು ಅನ್ಕೋರಿ.” ಭಾವ ನನ್ನ ಪಕ್ಕದಲ್ಲೇ ನಿಂತು ಅದನ್ನು ಕೇಳಿದ.

ಹಾರದ ವಿಷಯ ಅವನಿಗೆ ಆಗಲೇ ಹೇಳಬಹುದಿತ್ತು. ಬಾಯಿಗೆ ಬಂದಿತ್ತು. ಆದರೆ ಹೇಳಿದರೆ ಏನಾಗುತ್ತದೆ? ಅಕ್ಕ ಕಟ್ಟಿದ ಹಾರವೇ ಅಕ್ಕನ ಬೆರಳು ತಿಂದಿತು ಎಂದಾಗುತ್ತದೆ. ಅದು ಅವಳ ಕಿವಿಗೆ ಬೀಳುತ್ತದೆ. ಅವಳು ಹೂ ಕಟ್ಟುತ್ತಿದ್ದ ಕೈ ಅದು. ನಾನು ನುಂಗಿಕೊಂಡೆ. ಸಾಹುಕಾರರ ಇಂಜಿನ್ನು ಉಳಿಸಲು ಅಕ್ಕನ ಬೆರಳು ಕಳೆದವನು ಎಂದು ಭಾವ ತಿಳಿದುಕೊಂಡಿದ್ದ, ಹಾಗೇ ತಿಳಿದುಕೊಳ್ಳಲಿ ಎಂದು ಬಿಟ್ಟೆ. ಮುಂದೆ ನಾನು ಅವರ ಮನೆಗೆ ಹೋದರೆ ಅವನು ಹೊಲಕ್ಕೆ ಎದ್ದು ಹೋಗುತ್ತಿದ್ದ. ನಾನು ಹೊಡೆಯುವ ಗಾಡಿಯಲ್ಲಿ ಮತ್ತೆ ಯಾವತ್ತೂ ಕೂರಲಿಲ್ಲ. ಒಮ್ಮೆ ಕುರುಗೋಡಿನಲ್ಲಿ ಮಳೆಯಲ್ಲಿ ನೆನೆಯುತ್ತ ನಿಂತಿದ್ದವನ ಪಕ್ಕ ಲಾರಿ ನಿಲ್ಲಿಸಿ ಬಾಗಿಲು ತೆಗೆದೆ. ಮುಖ ತಿರುಗಿಸಿ ನಡೆದುಹೋದ. ಅಕ್ಕ ಮಾತ್ರ ಯಾರು ಏನಂದರೂ, “ಇಂಜಿನ್ನು ಹೊಸಾದಿತ್ತು, ಅವನರ ಏನು ಮಾಡ್ಯಾನು,” ಅಂತಿದ್ದಳು.

ಸಾಹುಕಾರರಿಗೆ ನಡೆದದ್ದನ್ನು ಅದೇ ವಾರ ಹೇಳಿದೆ, ಅರವತ್ತು ಮುಟ್ಟಿಸಿದ್ದನ್ನೂ ಹೇಳಿದೆ. ಅವರು ಗಾಡಿಯ ಕಡೆ ನೋಡಲೇ ಇಲ್ಲ. “ನಿಮ್ಮಕ್ಕ ಹೆಂಗದಾಳ?” ಅಂದರು. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಆ ಇಂಜಿನ್ನು ಆಮೇಲೆ ವರ್ಷಾನುಗಟ್ಟಲೆ ಓಡಿತು, ಒಂದು ಎಳೆ ಹೊಗೆ ಬಿಡಲಿಲ್ಲ, ಒಂದು ಹನಿ ಎಣ್ಣೆ ಹೆಚ್ಚಿಗೆ ಕುಡಿಯಲಿಲ್ಲ. ನಿನ್ನ ಕೈಗುಣ ಕಣೋ ಎಂದು ಜನ ಹೊಗಳುತ್ತಿದ್ದರು. ಹೊಗಳಿದವರ ಮೇಲೆಲ್ಲ ನಾನು ರೇಗುತ್ತಿದ್ದೆ. ಅವರಿಗೆ ಕಾರಣ ಗೊತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ, ಊರಿನವರ ಗಾಡಿಗಳನ್ನೆಲ್ಲ ಪಳಗಿಸಿ ಪಳಗಿಸಿ ತಲೆ ಅರ್ಧ ನರೆತ ಮೇಲೆ, ನಾನೂ ಒಂದು ಹೊಸ ವ್ಯಾನು ಕೊಂಡೆ. ಎರಡನೆಯ ದಿನ ರಾರಾವಿಗೆ ಹೋದೆ. ಹೋಗದಿದ್ದರೆ ಅಕ್ಕ ಬಿಡುತ್ತಿರಲಿಲ್ಲ. ಭಾವ ಕಟ್ಟೆಯ ಮೇಲೆ ಕೂತಿದ್ದ. ಮಂಡಿ ನೋವು ಬಂದು ಹೊಲಕ್ಕೆ ಎದ್ದು ಹೋಗುವುದು ಅವನಿಗೆ ಆಗುತ್ತಿರಲಿಲ್ಲ. ಹಾಗಾಗಿ ಅಲ್ಲೇ ಕೂತು ರಸ್ತೆಯ ಕಡೆ ನೋಡತೊಡಗಿದ.

ಅಕ್ಕ ಬುಟ್ಟಿಯ ತುಂಬ ಚೆಂಡುಹೂ ತಂದು ಕೂತಳು. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಎಡಗೈಯಲ್ಲಿ ಹೂ ಹಿಡಿದು, ಬಲಗೈಯ ಉಳಿದ ಬೆರಳುಗಳಿಂದ ಗಂಟು ಹಾಕುತ್ತಿದ್ದಳು. ಬಿಗಿ ಸಾಲದಿದ್ದರೆ ಹಲ್ಲಿನಿಂದ ಎಳೆಯುತ್ತಿದ್ದಳು. ಈಗ ಕಣ್ಣು ಹೂವಿನ ಮೇಲೆಯೇ ಇರಬೇಕಿತ್ತು, ಮಾತೂ ನಿಲ್ಲುತ್ತಿತ್ತು. ಒಂದೆಳೆ ಕಟ್ಟಲು ಹಿಂದಿನ ಮೂರೆಳೆಗಿಂತ ಹೆಚ್ಚು ಹೊತ್ತು ಹಿಡಿಯಿತು. ನಾನು ನೋಡಲಾರದೆ ಟೈರಿನ ಮಣ್ಣು ಒರೆಸುತ್ತ ನಿಂತೆ.

ಕಟ್ಟಿ ಮುಗಿಸಿ ಎದ್ದಳು. ವ್ಯಾನಿನ ಮುಂದೆ ಬಂದು ನಿಂತಳು. ಹಾರವನ್ನು ಜಾಲರಿಯ ಹತ್ತಿರ ಒಯ್ಯಲಿಲ್ಲ. ಒಳಗೆ ಕೈ ಹಾಕಿ, ಸ್ಟೇರಿಂಗಿನ ಎದುರಿನ ಕನ್ನಡಿಗೆ ಸುತ್ತಿದಳು.

“ಮುಂದ ಬ್ಯಾಡ,” ಅಂದಳು. “ಅದಕ್ಕ ಉಸಿರಾಡಾಕ ಆಗಂಗಿಲ್ಲ.”

ನನ್ನ ಕೈಯ ಬಟ್ಟೆ ಕೆಳಗೆ ಬಿತ್ತು. “ಅಕ್ಕ, ನಿನಗ ಗೊತ್ತಿತ್ತೇನು?”

“ನಿನ್ನೆದುರಿಗೇ ಕುಂತಿದ್ದೆನಲ್ಲೋ. ನೀ ಅದನ್ನ ಕಿತ್ತಿದ್ದೂ ನೋಡೀನಿ, ಜಾಲ್ಯಾಗ ಮುಚ್ಚಿಟ್ಟಿದ್ದೂ ನೋಡೀನಿ.” ಅವಳು ಹಾರದ ತುದಿ ಸರಿಮಾಡಿದಳು. “ಇನ್ನಷ್ಟು ಲಗೂನ ಕೀಳಬೇಕಿತ್ತು ನೋಡು, ಹುಚ್ಚಪ್ಪ. ನನ್ನ ಮಾತು ಕೇಳಿ ಕೆಟ್ಟಿ.”

“ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?”

“ನೀ ಯಾಕ ಹೇಳಲಿಲ್ಲ?”

ಅವಳೇ ತಗ್ಗಿದ ದನಿಯಲ್ಲಿ, “ಹೇಳಿದ್ರ ಮತ್ತ ನಾ ಹೂ ಮುಟ್ಟಾಕ ಆಗತಿದ್ದಿಲ್ಲ. ನಿನಗದು ಗೊತ್ತಿತ್ತು, ಅದಕ್ಕ ಬೈಸಿಗೊಂಡಿ. ನಾ ಸುಮ್ಮನ ಬೈಸಿಗೊಳ್ಳಾಕ ಬಿಟ್ಟೆ. ಅದು ನಂದು ತಪ್ಪು,” ಅಂದಳು. ಅವಳ ಕಣ್ಣು ತುಂಬಿತ್ತು. ನಾನಂತೂ ಅತ್ತೇಬಿಟ್ಟೆ, ನರೆತ ತಲೆಯವನು, ನಡುಬೀದಿಯಲ್ಲಿ.

ಕಟ್ಟೆಯ ಮೇಲೆ ಭಾವ ಇದ್ದಾನೆಂಬುದನ್ನು ಇಬ್ಬರೂ ಮರೆತಿದ್ದೆವು. ಅವನು ಕೋಲು ಊರಿಕೊಂಡು ಎದ್ದ ಸದ್ದು ಕೇಳಿ ತಿರುಗಿದೆವು. ಎದ್ದು ಹೋಗುತ್ತಾನೆ ಅಂದುಕೊಂಡೆ. ಅವನು ನಿಧಾನವಾಗಿ ವ್ಯಾನಿನ ಸುತ್ತ ಬಂದ. ಮುಂದಿನ ಬಾಗಿಲ ಹಿಡಿಯನ್ನು ಎರಡು ಸಲ ಎಳೆದ, ತೆಗೆಯುವುದು ಅವನಿಗೆ ಗೊತ್ತಾಗಲಿಲ್ಲ. ನಾನು ಓಡಿ ಹೋಗಿ ತೆಗೆದೆ. ಹತ್ತಿ ಕೂತ, ಕೋಲನ್ನು ಮಂಡಿಗಳ ನಡುವೆ ಇಟ್ಟುಕೊಂಡ.

“ಇದನ್ನೂ ಪಳಗಿಸಬೇಕೇನು?” ಅಂದ, ಮುಂದಿನ ಗಾಜನ್ನೇ ನೋಡುತ್ತ.

“ಹೌದು ಭಾವ.”

“ಎಷ್ಟರಾಗ ಹೊಡಿಬೇಕು?”

“ನಲವತ್ತು.”

“ಹಂಗಾದ್ರ ನಲವತ್ತರಾಗ ಹೊಡಿ,” ಅಂದ. “ನನಗ ಅವಸರ ಇಲ್ಲ.”